ಜಂಗಮ: ಒಂದು ಶಬ್ದದ ನಡೆ



ಬೀಳಗಿ ತಾಲ್ಲೂಕಿನ ಬಾಡಗಂಡಿಯ ಸೀಮೆಯಲ್ಲಿ ಬೆಳಗಿನ ಹೊತ್ತು ಬಾಗಿಲಲ್ಲಿ ಜಂಗಿನ ಸಪ್ಪಳ ಕೇಳಿಸಿತೆಂದರೆ, ಅಯ್ಯನವರು ಭಿಕ್ಷೆಗೆ ಬಂದರೆಂದು ಮನೆಯವರು ತಿಳಿಯುತ್ತಿದ್ದರು. ಮೊಣಕಾಲ ಕೆಳಗೆ ಕಟ್ಟಿದ ಗಂಟೆಗೆ ಜಂಗು ಎಂದು ಹೆಸರು. ಜಂಗು ಕಟ್ಟಿದವನೇ ಜಂಗಮನೆಂದು ಕೆಲವರು ಅರ್ಥ ಹೇಳುವುದುಂಟು. ಕಿವಿಗೆ ಇಂಪಾಗಿದ್ದರೂ ಶಬ್ದದ ಹುಟ್ಟು ಅದಲ್ಲ.

‘ಗಮ್’ ಎಂದರೆ ಹೋಗು. ಆ ಧಾತು ದ್ವಿರುಕ್ತಿ ಹೊಂದಿ ‘ಜಂಗಮ’ ಆಯಿತು. ಮತ್ತೆ ಮತ್ತೆ ಚಲಿಸುವುದು ಎಂದರ್ಥ. ಇದರ ಎದುರು ಶಬ್ದ ಸ್ಥಾವರ, ನಿಂತಲ್ಲೇ ನಿಂತದ್ದು. ಬಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ನಮ್ಮ ಹಿರಿಯರಿಗೆ ಮರಾಠಿಯ ‘ಸ್ಥಾವರ ಜಂಗಮ’ ಆಸ್ತಿಯ ಮಾತು ಹೊಸದಲ್ಲ. ಅಲ್ಲಿ ಹೊಲಮನೆ ಸ್ಥಾವರ. ದನಕರು, ಪಾತ್ರೆ ಪದಾರ್ಥ ಜಂಗಮ.

ಆಸ್ತಿಗೂ ಸಲ್ಲುವ ಈ ಶಬ್ದಕ್ಕೆ ಹನ್ನೆರಡನೆಯ ಶತಮಾನದ ಶರಣರು ಬೇರೊಂದು ಎತ್ತರ ಕೊಟ್ಟರು. ಕೃಷ್ಣಾ ಮಲಪ್ರಭೆಯರ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರಿಗೆ ಕಲ್ಲಿನ ಗುಡಿಗಿಂತ ನಡೆದಾಡುವ ಅರಿವು ದೊಡ್ಡದು. ಗುರು, ಲಿಂಗ, ಜಂಗಮ ಎಂದು ಅಷ್ಟಾವರಣದಲ್ಲಿ ಜಂಗಮಕ್ಕೆ ಮೂರನೆಯ ಸ್ಥಾನ. ಅಲ್ಲಮಪ್ರಭುವಾದರೋ ಪರಂಪರೆಯ ಪ್ರಕಾರ ಬಳ್ಳಿಗಾವೆಯ ಮದ್ದಳೆಗಾರ. ಆದರೂ ಶೂನ್ಯಸಿಂಹಾಸನವನ್ನೇರಿದ ಜಂಗಮ. ಆದುದರಿಂದ ಆ ಕಾಲದಲ್ಲಿ ಜಂಗಮತ್ವಕ್ಕೆ ಅಳತೆಗೋಲು ಅರಿವು ಆಚಾರಗಳೇ ಹೊರತು ಹುಟ್ಟಲ್ಲ.

ಮುಂದೆ ನಡೆಯುವ ಶಬ್ದವೂ ನಿಂತುಕೊಂಡಿತು. ಊರೂರಿಗೆ ಮಠವಾಯಿತು, ಮಠಕ್ಕೆ ಮನೆತನವಾಯಿತು. ಹಿರೇಮಠ, ಸಾಲಿಮಠ, ಮಠಪತಿ ಎಂಬ ಅಡ್ಡಹೆಸರುಗಳನ್ನು ನೀವು ಬಲ್ಲಿರಿ. ‘ಸ್ಥಾವರಮಠ’ ಎಂಬುದೂ ಒಂದುಂಟು! ಚಲಿಸುವವನ ಮನೆಗೆ ಸ್ಥಾವರದ ಹೆಸರು. ಹುಡುಗನಿಗೆ ಅಯ್ಯಾಚಾರವಾದರೆ ಅವನು ಜಂಗಮ. ಆದರೆ ಆ ಸಂಸ್ಕಾರ ಸಾಮಾನ್ಯವಾಗಿ ಜಂಗಮರ ಮನೆಯಲ್ಲಿ ಹುಟ್ಟಿದವನಿಗೇ. ಗುಣವಾಚಕ ಹೀಗೆ ಕುಲವಾಚಕವಾಯಿತು.

ಇದರಿಂದ ಆದ ತೊಡಕು ಸಣ್ಣದಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಬೇಡ ಜಂಗಮ, ಬುಡ್ಗ ಜಂಗಮ’ ಎಂಬ ಹೆಸರುಗಳಿವೆ. ವೀರಶೈವ ಜಂಗಮರಲ್ಲಿ ಕೆಲವರು, ಮನೆಮನೆಗೆ ಬೇಡುವ ನಾವೇ ಬೇಡ ಜಂಗಮರೆಂದು ವಾದಿಸಿದರು. ಅಲೆಮಾರಿಗಳಾದ ಬಡ ಸಮುದಾಯಗಳ ಪಾಲು ಇದರಿಂದ ತಪ್ಪುತ್ತದೆಂದು ಉಳಿದವರು ವಿರೋಧಿಸಿದರು. ವ್ಯಾಜ್ಯ ನ್ಯಾಯಾಲಯಗಳನ್ನು ಮುಟ್ಟಿತು. ಒಂದು ಶಬ್ದದ ಅರ್ಥಕ್ಕೆ ಮಕ್ಕಳ ಓದು, ನೌಕರಿಗಳೇ ತೂಗಿಬಿದ್ದವು.

ಆಲಮಟ್ಟಿಯ ಹಿನ್ನೀರು ಬಂದಾಗ ನಮ್ಮ ಬೀಳಗಿ ಸೀಮೆಯ ಎಷ್ಟೋ ಊರುಗಳು ಗುಡಿಮಠಗಳನ್ನು ನೀರಿಗೆ ಬಿಟ್ಟು ಎತ್ತರದ ನೆಲಕ್ಕೆ ನಡೆದವು. ಸ್ಥಾವರವೆಂದು ನಂಬಿದ್ದೇ ಜಂಗಮವಾದದ್ದನ್ನು ಕಣ್ಣಾರೆ ಕಂಡ ಜನ ನಾವು. ಇಂದು ಕಿಸೆಯ ಫೋನಿಗೂ ‘ಜಂಗಮವಾಣಿ’ ಎನ್ನುತ್ತೇವೆ. ಶಬ್ದದ ಮೂಲಾರ್ಥ ಅಲ್ಲಿ ಬದುಕಿದೆ. ಮನುಷ್ಯರನ್ನು ಕುರಿತು ಆ ಶಬ್ದವನ್ನಾಡುವಾಗಲೂ ಅದು ಹುಟ್ಟನ್ನು ಹೇಳುತ್ತಿದೆಯೋ ನಡೆಯನ್ನು ಹೇಳುತ್ತಿದೆಯೋ ಎಂದು ಒಮ್ಮೆ ಕೇಳಿಕೊಂಡರೆ ಒಳ್ಳೆಯದು.