ಭಂಗಿಸೊಪ್ಪಿನ ಔಷಧ ಚರಿತ್ರೆ

ಧಾರವಾಡ ಜಿಲ್ಲೆ 1893ರಲ್ಲಿ ಮುಂಬಯಿ ಪ್ರಾಂತ್ಯದ ಭಾಗ. ಬ್ರಿಟಿಷ್ ಸರಕಾರ ಆ ವರ್ಷ ಗಾಂಜಾ, ಭಂಗಿ, ಚರಸ್ ಬಗ್ಗೆ ವಿಚಾರಣೆಗೆಂದು ನೇಮಿಸಿದ ಆಯೋಗದ ವ್ಯಾಪ್ತಿಗೆ ಈ ಪ್ರಾಂತ್ಯವೂ ಸೇರಿತ್ತು. ಸಾವಿರಕ್ಕೂ ಹೆಚ್ಚು ಜನರ ಹೇಳಿಕೆ ಪಡೆದ ಆಯೋಗ ಮರುವರ್ಷ ವರದಿ ಕೊಟ್ಟಿತು: ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು. ಔಷಧವಾಗಿ ಇವುಗಳ ಬಳಕೆಯನ್ನೂ ಅದು ದಾಖಲಿಸಿತು.

ಬಳಕೆ ಹೊಸದಲ್ಲ. ಆಯುರ್ವೇದ ಭಂಗಿಯನ್ನು ವಿಜಯಾ ಎಂದು ಕರೆದು, ಹೊಟ್ಟೆಯ ತೊಂದರೆಗೆ ಕೊಡುವ ಜಾತೀಫಲಾದಿ ಚೂರ್ಣದಲ್ಲಿ ಬೆರೆಸಿತು.

ಆಯೋಗಕ್ಕೂ ಮುಂಚೆ ಪಾಶ್ಚಾತ್ಯ ವೈದ್ಯರ ಕಣ್ಣು ತೆರೆಸಿದವನು ಕಲ್ಕತ್ತ ವೈದ್ಯಕೀಯ ಕಾಲೇಜಿನ ವಿಲಿಯಂ ಓಶಾನಸಿ. ಗಾಂಜಾವನ್ನು ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಧನುರ್ವಾತ, ಕಾಲರಾ ರೋಗಿಗಳ ಮೇಲೆ ಪ್ರಯೋಗಿಸಿದ. ಸೆಳೆತ ಬರುತ್ತಿದ್ದ 40 ದಿನದ ಹಸುಗೂಸಿಗೂ ಗಾಂಜಾದ ಟಿಂಕ್ಚರ್ ಹನಿಹನಿಯಾಗಿ ಕೊಟ್ಟ, ಕೂಸು ಬದುಕಿತು.

ಅದೊಂದು ಅಚ್ಚರಿಯ ಮುನ್ಸೂಚನೆ. 2018ರಲ್ಲಿ ಅಮೆರಿಕ ಒಪ್ಪಿದ ಎಪಿಡಿಯೋಲೆಕ್ಸ್ ಎಂಬ ಔಷಧ, ಗಾಂಜಾ ಗಿಡದ ಕ್ಯಾನಬಿಡಿಯಾಲ್‌ನಿಂದ ಮಾಡಿದ್ದು, ಮಕ್ಕಳ ಕೆಲವು ತೀವ್ರ ಬಗೆಯ ಮೂರ್ಛೆರೋಗಕ್ಕೆ ಕೊಡುವಂಥದ್ದು. ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೂ ಇದೇ ಗಿಡದ ಮುಖ್ಯ ಅಂಶವನ್ನು ಹೋಲುವ ಕೃತಕ ಮಾತ್ರೆಗಳಿವೆ.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಗಾಂಜಾ, ಚರಸ್‌ಗಳನ್ನು ಬಿಗಿಹಿಡಿದರೂ, ಭಂಗಿಗೆ ಬಳಸುವ, ಹೂ ಇಲ್ಲದ ಬರೀ ಎಲೆಯನ್ನು ಹೊರಗಿಟ್ಟಿತು. ಆ ಕಾಯ್ದೆ ಭಂಗಿಯನ್ನು ಎಲ್ಲಿಯೂ ನಿಷೇಧಿತ ಪದಾರ್ಥವೆಂದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ, ಬೆಂಗಳೂರಿನ ಪ್ರಕರಣವೊಂದರಲ್ಲಿ ಜಾಮೀನು ನೀಡುವಾಗ ಹೇಳಿತು.

ಹಾಗಂತ ಮೂರ್ಛೆ ಬರುವ ಕೂಸಿಗೆ ಮನೆಯಲ್ಲೇ ಸೊಪ್ಪು ಅರೆದು ಕುಡಿಸಬೇಡಿ. ನರರೋಗ ತಜ್ಞರ ಬಳಿ ಕರೆದೊಯ್ಯಿರಿ.