ಸಾಕ್ಷಿ ಹೇಳಿದವರ ಕಥೆ ಯಾರು ಬರೀತಾರೆ?



ಮೊನ್ನೆ ಭಾನುವಾರ ಶಂಕರ್‌ನಾಗ್ ಅವರ 'ಆಕ್ಸಿಡೆಂಟ್' ಮತ್ತೆ ನೋಡಿದೆ. ಒಂದೂ ಹಾಡಿಲ್ಲದ ಸಿನಿಮಾ, 1984ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದದ್ದು. ರಾಜಕಾರಣಿಯ ಮಗ ಅಮಲಲ್ಲಿ ಕಾರು ಓಡಿಸಿ, ಫುಟ್‌ಪಾತಲ್ಲಿ ಮಲಗಿದ್ದ ಕೂಲಿಗಳನ್ನ ಸಾಯಿಸ್ತಾನೆ. ಪತ್ರಕರ್ತ ರವಿ ಬೆನ್ನು ಹತ್ತುತ್ತಾನೆ. ಹುಡುಗನಾಗಿದ್ದಾಗ ನನಗೆ ರವಿನೇ ಹೀರೋ. ಈ ಸಲ ಕಣ್ಣು ನಿಂತಿದ್ದು ರಾಮಣ್ಣನ ಮೇಲೆ. ಮಲಗಿದ್ದವರಲ್ಲಿ ಬದುಕುಳಿದ ಒಬ್ಬನೇ ಒಬ್ಬ. ಅವನಂಥೋನು ಇಲ್ಲದಿದ್ರೆ ರವಿ ಯಾರ ಮಾತು ಹಿಡ್ಕೊಂಡು ಬರೀತಿದ್ದ?

ಪತ್ರಕರ್ತರು ಹಗರಣ ಬಯಲು ಮಾಡಿದ ಕಥೆ ಅಂದ್ರೆ ಜಗತ್ತೇ ಹೇಳೋದು ವಾಟರ್‌ಗೇಟ್. ವುಡ್‌ವರ್ಡ್, ಬರ್ನ್‌ಸ್ಟೀನ್ ಹೆಸರು ಎಲ್ಲರಿಗೂ ಗೊತ್ತು. ಫ್ರಾಂಕ್ ವಿಲ್ಸ್ ಗೊತ್ತಾ?

ಆ ಕಟ್ಟಡದ ರಾತ್ರಿ ಕಾವಲುಗಾರ. 24 ವರ್ಷದ ಕಪ್ಪು ಹುಡುಗ. 1972ರ ಜೂನ್ 17ರ ಬೆಳಗಿನ ಜಾವ, ಬಾಗಿಲು ಲಾಕ್ ಆಗದಂಗೆ ಟೇಪು ಅಂಟಿಸಿದ್ದು ನೋಡಿ ಕಿತ್ತ. ಇನ್ನೊಂದು ಸುತ್ತು ಬಂದು ನೋಡಿದರೆ ಮತ್ತೆ ಟೇಪು! ಪೊಲೀಸರಿಗೆ ಫೋನ್ ಮಾಡಿದ. ಕಳ್ಳರು ಸಿಕ್ಕಿಬಿದ್ದರು. 1974ರ ಆಗಸ್ಟಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟ.

1976ರಲ್ಲಿ ಬಂದ 'ಆಲ್ ದ ಪ್ರೆಸಿಡೆಂಟ್ಸ್ ಮೆನ್' ಸಿನಿಮಾದಲ್ಲಿ ವಿಲ್ಸ್ ತನ್ನ ಪಾತ್ರ ತಾನೇ ಮಾಡಿದ. ಚಿಕ್ಕ ಪಾತ್ರ, ಅಷ್ಟೇ. ಆಮೇಲೆ ಸರಿಯಾದ ಕೆಲಸವೇ ಸಿಗಲಿಲ್ಲ. ಒಂದು ಜೊತೆ ಶೂ ಕದ್ದ ಅಂತ 1983ರಲ್ಲಿ ಒಂದು ವರ್ಷದ ಜೈಲು ಶಿಕ್ಷೆ ಆಯ್ತು. 2000ದಲ್ಲಿ ಬಡತನದಲ್ಲೇ ತೀರಿಕೊಂಡ. ನಿಕ್ಸನ್‌ಗೆ? ಮುಂದಿನ ಅಧ್ಯಕ್ಷರು ಒಂದೇ ತಿಂಗಳಲ್ಲಿ ಪೂರ್ತಿ ಕ್ಷಮಾದಾನ ಕೊಟ್ಟರು.

ಅಮೆರಿಕಾ ದೂರ ಆಯ್ತು ಅನ್ನಬೇಡಿ. ವಿಲ್ಸ್ ತೀರಿಕೊಂಡ ಅದೇ ವರ್ಷ, 2000ದ ಮಾರ್ಚ್ 11ರಂದು, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ಸುಟ್ಟರು. ಪತ್ರಿಕೆಗಳೆಲ್ಲ ಬರೆದವು. ಮಂತ್ರಿಗಳು ಬಂದು ಹೋದರು. ಕೋರ್ಟಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡೀತು. ಸಾಕ್ಷಿಗಳು ಮಾರಿಕೊಂಡರು ಅಂತ ಬೈಯೋದು ಸುಲಭ ಕಣ್ರಪ್ಪ. ಅದೇ ಊರಲ್ಲಿ, ಅದೇ ಜನರ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕಾದವರು ಏನ್ ಮಾಡ್ಬೇಕಿತ್ತು?

ನಾನು ಗುಮಾಸ್ತ, ಫೈಲಿನ ಭಾಷೆ ಗೊತ್ತು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ 15ಎ ಕಲಂ ಸೇರಿದೆ. ಸಾಕ್ಷಿಗೆ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ. 1995ರ ನಿಯಮ 11ರ ಪ್ರಕಾರ ಹೋಗಿಬರೋ ಖರ್ಚು, ಆ ದಿನದ ಕೂಲಿ ಕೊಡಲೇಬೇಕು. ಆದರೆ ನಮ್ಮ ಕಡೆಯ ಒಬ್ಬ ಅಜ್ಜಿ ಸಾಲ ಮಾಡಿ ಬಸ್ಸು ಹತ್ತಿ ಸಾಕ್ಷಿ ಹೇಳೋಕೆ ಬಂದಿದ್ದನ್ನ ಕಣ್ಣಾರೆ ಕಂಡಿದ್ದೀನಿ. ಕೇಸು ಮುಂದಕ್ಕೆ ಹೋಯ್ತು, ಅಜ್ಜಿ ಹಂಗೇ ವಾಪಸ್ ಹೋದರು. ಹಿಂಗೊಂದು ನಿಯಮ ಐತೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಒಂದೇ ಉಪವಿಭಾಗ. ಉಪವಿಭಾಗದ ಜಾಗೃತಿ ಸಮಿತಿ ಮೂರು ತಿಂಗಳಿಗೆ ಒಂದು ಸಲವಾದರೂ ಸೇರಬೇಕು. ಮುಂದಿನ ಸಭೆಗೆ ಎರಡೇ ಪ್ರಶ್ನೆ ಬರೆದುಕೊಂಡು ಹೋಗೋಣ: ಎಷ್ಟು ಸಾಕ್ಷಿಗಳಿಗೆ ಭತ್ಯೆ ಕೊಟ್ಟಿದ್ದೀರಿ? ಎಷ್ಟು ಜನಕ್ಕೆ ರಕ್ಷಣೆ ಕೊಟ್ಟಿದ್ದೀರಿ? ಉತ್ತರ ಲಿಖಿತವಾಗಿ ಬೇಕು.

ಬರೆಯೋ ಪತ್ರಕರ್ತರಿಗೆ ನಮಸ್ಕಾರ. ಅವರೂ ಜೀವ ಒತ್ತೆಯಿಟ್ಟವರೇ, ಗೌರಿ ಮೇಡಂನ ಮರೆತಿಲ್ಲ. ಆದರೆ ಬಾಗಿಲ ಟೇಪು ಮೊದಲು ಕಂಡೋನು ಕಾವಲುಗಾರ. ಅವನನ್ನ ಒಂಟಿ ಬಿಡಬೇಡಿ.

ಜೈಭೀಮ್.