ಕಠಿಣ ಡಂಜನ್‌ಗಳು (ಹಳೆಯ ರೋಲ್-ಪ್ಲೇಯಿಂಗ್ ವಿಡಿಯೊ ಗೇಮ್‌ಗಳಲ್ಲಿ)

ರೋಲ್-ಪ್ಲೇಯಿಂಗ್ ವಿಡಿಯೊ ಗೇಮ್‌ಗಳಲ್ಲಿ, ಅಂದರೆ ಆರ್‌ಪಿಜಿಗಳಲ್ಲಿ, ಆಟಗಾರರ ತಂಡವು ಒಳಹೊಕ್ಕು, ದಾರಿ ಹುಡುಕಿಕೊಂಡು, ಎದುರಾದ ರಾಕ್ಷಸರೊಡನೆ ಕಾದಾಡಿ ಹೊರಬರಬೇಕಾದ ನೆಲಮಾಳಿಗೆ, ಗುಹೆ, ಗೋಪುರ ಮೊದಲಾದ ತಾಣಗಳನ್ನು ಡಂಜನ್ ಎನ್ನುತ್ತಾರೆ. 1980ರ ದಶಕ ಮತ್ತು 1990ರ ದಶಕದ ಮೊದಲರ್ಧದ ಕೆಲವು ಡಂಜನ್‌ಗಳು ಕಾಠಿಣ್ಯಕ್ಕೆ ಹೆಸರಾಗಿವೆ. ‘ವಿಝರ್ಡ್ರಿ’ (1981), ‘ಡ್ರ್ಯಾಗನ್ ಕ್ವೆಸ್ಟ್ 2’ (1987), ‘ಫ್ಯಾಂಟಸಿ ಸ್ಟಾರ್ 2’ (1989) ಮತ್ತು ‘ಫೈನಲ್ ಫ್ಯಾಂಟಸಿ 3’ (1990) ಇವುಗಳಲ್ಲಿ ಮುಖ್ಯವಾದವು. ಆಡುವವರು ರೋಸಿಹೋಗುವಂತೆ ಮಾಡಿದ ಈ ತಾಣಗಳನ್ನೇ ಅವರು ದಶಕಗಳ ಬಳಿಕವೂ ಅಕ್ಕರೆಯಿಂದ ನೆನೆಯುತ್ತಾರೆ. ಸೋತಾಗ ಆಟಗಾರರಿಗೆ ಹೊಸದೇನಾದರೂ ತಿಳಿಯಿತೇ, ಇಲ್ಲವೇ ಬರೀ ಹೊತ್ತು ಹಾಳಾಯಿತೇ ಎಂಬುದರ ಮೇಲೆ ರೇಜಿಗೆಯೋ ಆನಂದವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಮೂಲ

ಡಂಜನ್ ಕಂಪ್ಯೂಟರಿಗೆ ಬಂದದ್ದು ಮೇಜಿನ ಸುತ್ತ ಕುಳಿತು ಆಡುವ ಆಟದಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ ಆಟ ನಡೆಸುವವರು ನಕ್ಷೆಯನ್ನು ಮರೆಮಾಡಿಕೊಂಡು ತಾಣವನ್ನು ಮಾತಿನಲ್ಲಿ ಬಣ್ಣಿಸುತ್ತಾರೆ. ಉಳಿದವರು ಕೇಳಿದ್ದರ ಆಧಾರದ ಮೇಲೆ ತಮ್ಮ ನಕ್ಷೆ ಬರೆದುಕೊಳ್ಳುತ್ತಾರೆ. ಆಟದಲ್ಲಿ ಪಳಗಿದವರನ್ನೂ ಪರೀಕ್ಷೆಗೆ ಒಡ್ಡಲೆಂದು ಗೈಗ್ಯಾಕ್ಸ್ ಸಿದ್ಧಪಡಿಸಿದ ‘ಟೂಂಬ್ ಆಫ್ ಹಾರರ್ಸ್’ ಅನ್ನು 1975ರ ಒರಿಜಿನ್ಸ್ ಸಮಾವೇಶದಲ್ಲಿ ಆಡಿಸಲಾಯಿತು; 1978ರಲ್ಲಿ ಅದು ಅಚ್ಚಾಯಿತು. ಅಲ್ಲಿನ ಗೋಡೆಯೊಂದರ ಮೇಲೆ ಹಸಿರು ಪಿಶಾಚಿಯ ಮುಖ ಬಾಯ್ತೆರೆದುಕೊಂಡಿರುತ್ತದೆ. ಅದನ್ನೇ ದಾರಿಯೆಂದು ನಂಬಿ ಒಳನುಗ್ಗಿದ ಪಾತ್ರ ಹೇಳಹೆಸರಿಲ್ಲದಂತೆ ಅಳಿದುಹೋಗುತ್ತದೆ. ಕತ್ತಿಯ ಬಲಕ್ಕಿಂತ ಎಚ್ಚರವೇ ಮುಖ್ಯವೆಂಬ ಈ ಧೋರಣೆ ಮುಂದೆ ಕಂಪ್ಯೂಟರ್ ಆಟಗಳಿಗೂ ಇಳಿದು ಬಂತು.

ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಬೋಧನಾ ಜಾಲದಲ್ಲಿ 1975ರ ಹೊತ್ತಿಗೇ ಇಂಥ ಆಟಗಳು ಕಾಣಿಸಿಕೊಂಡಿದ್ದವು. ಅವುಗಳಲ್ಲೊಂದಾದ ‘ಪೆಡಿಟ್5’ ಪಾಠದ ಕಡತದ ಹೆಸರಿನಲ್ಲಿ ಅಡಗಿತ್ತು. 1980ರ ‘ರೋಗ್’ ಆಟವನ್ನು ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಮತ್ತು ಕೆನ್ ಆರ್ನಲ್ಡ್ ಬರೆದರು. ಅದರ 26ನೆಯ ಮಟ್ಟದಲ್ಲಿರುವ ತಾಯಿತವನ್ನು ಹೊರತರುವುದೇ ಗುರಿ. ಪ್ರತಿಸಲ ಆಡುವಾಗಲೂ ಕೋಣೆ, ದಾರಿಗಳು ಹೊಸದಾಗಿ ಹುಟ್ಟುತ್ತವೆ. ಯಾವ ಬಣ್ಣದ ಮದ್ದು ಯಾವ ಗುಣದ್ದೆಂಬುದೂ ಬದಲಾಗುತ್ತದೆ. ಪಾತ್ರ ಸತ್ತರೆ ಮೊದಲಿನಿಂದಲೇ ಆರಂಭ. ಹೀಗಾಗಿ ಒಂದು ಆಟದಿಂದ ಇನ್ನೊಂದಕ್ಕೆ ಉಳಿಯುವುದು ಆಡುವವರ ಅನುಭವವೊಂದೇ.

ಕಷ್ಟದ ಬಗೆಗಳು

ಹಳೆಯ ಡಂಜನ್‌ಗಳ ಕಷ್ಟದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಸವಕಳಿ. ಕೆಲವು ಹೆಜ್ಜೆಗಳಿಗೊಮ್ಮೆ ಅನಿರೀಕ್ಷಿತವಾಗಿ ಕಾಳಗ ಎದುರಾಗುತ್ತದೆ. ಒಂದೊಂದು ಕಾಳಗವೂ ಸಣ್ಣದೇ. ಆದರೆ ಪ್ರತಿಯೊಂದೂ ತಂಡದ ಜೀವಬಲ, ಮಂತ್ರಬಲ ಮತ್ತು ಔಷಧಿಗಳನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ಇನ್ನೂ ಮುಂದೆ ಹೋಗುವುದೇ, ಊರಿಗೆ ಹಿಂದಿರುಗುವುದೇ ಎಂಬ ಲೆಕ್ಕಾಚಾರ ಪ್ರತಿ ತಿರುವಿನಲ್ಲೂ ನಡೆಯುತ್ತಿರಬೇಕು. ಒಳಹೋದಷ್ಟೇ ದೂರ ಹೊರಬರಲೂ ನಡೆಯಬೇಕೆಂಬುದನ್ನು ಮರೆತವರೇ ಹೆಚ್ಚಾಗಿ ಸಾಯುತ್ತಾರೆ.

ಎರಡನೆಯದು ದಾರಿ ತಪ್ಪಿಸುವ ತಂತ್ರಗಳು: ಕಣ್ಣಿಗೆ ಕಾಣದ ಗುಂಡಿ, ಕಳ್ಳಬಾಗಿಲು, ಒಮ್ಮೆ ದಾಟಿದರೆ ಮರಳಿ ತೆರೆಯದ ಬಾಗಿಲು, ದೀಪ ಹತ್ತದ ಕತ್ತಲ ವಲಯ, ತಂಡವನ್ನು ಇನ್ನೆಲ್ಲೋ ಎಸೆಯುವ ಚೌಕ. ಮೂರನೆಯದು ಆಟವನ್ನು ಉಳಿಸಿಡುವ, ಅಂದರೆ ಸೇವ್ ಮಾಡುವ, ಸೌಲಭ್ಯದ ಮೇಲಿನ ನಿರ್ಬಂಧ. ಹಲವು ಆಟಗಳಲ್ಲಿ ಊರಲ್ಲೋ ಕೋಟೆಯಲ್ಲೋ ಮಾತ್ರ ಸೇವ್ ಮಾಡಬಹುದಿತ್ತು. ಡಂಜನ್‌ನೊಳಗೆ ಸತ್ತರೆ ಅಲ್ಲಿಯವರೆಗಿನ ಶ್ರಮವೆಲ್ಲ ನೀರಲ್ಲಿ ಹೋಮ ಮಾಡಿದಂತೆ.

ಇದೆಲ್ಲ ವಿನ್ಯಾಸಕಾರರ ಹಟವಷ್ಟೇ ಅಲ್ಲ. ಯಂತ್ರದ ಮಿತಿಯೂ ಕಾರಣವಾಗಿತ್ತು. ಜಪಾನಿನಲ್ಲಿ 1986ರಲ್ಲಿ ಬಂದ ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ ಇಡಿಯಾಗಿ 64 ಕಿಲೋಬೈಟ್ ಜಾಗದಲ್ಲಿ ಅಡಕವಾಗಿತ್ತು. ಅಷ್ಟರಲ್ಲಿ ಬಗೆಬಗೆಯ ಚಿತ್ರಗಳಿಗೆ ಎಡೆಯಿಲ್ಲದ್ದರಿಂದ ಒಂದೇ ಗೋಡೆ, ಒಂದೇ ನೆಲದ ತುಣುಕನ್ನು ಮತ್ತೆ ಮತ್ತೆ ಜೋಡಿಸಬೇಕಾಗುತ್ತಿತ್ತು. ಎಲ್ಲ ಮೂಲೆಗಳೂ ಒಂದೇ ಥರ ಕಂಡರೆ ದಾರಿ ತಪ್ಪುವುದು ಸಹಜ. ಚಿಕ್ಕ ಆಟವನ್ನು ಹಲವು ವಾರ ನಡೆಯುವಂತೆ ಹಿಗ್ಗಿಸಲು ಕಾಠಿಣ್ಯ ಅಗ್ಗದ ಉಪಾಯವೂ ಆಗಿತ್ತು.

ಪ್ರಮುಖ ಉದಾಹರಣೆಗಳು

ವಿಝರ್ಡ್ರಿ: ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆ್ಯಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಆ್ಯಪಲ್ 2 ಕಂಪ್ಯೂಟರಿಗೆಂದು ಬರೆದ ಈ ಆಟವನ್ನು ಸರ್-ಟೆಕ್ ಸಂಸ್ಥೆ 1981ರಲ್ಲಿ ಹೊರತಂದಿತು. ಆರು ಜನರ ತಂಡ ಹತ್ತು ಅಂತಸ್ತು ಕೆಳಗಿಳಿದು ಮಾಂತ್ರಿಕ ವರ್ಡ್ನಾನನ್ನು ಕೊಲ್ಲಬೇಕು. ಪ್ರತಿ ಅಂತಸ್ತೂ 20 ಚೌಕ ಅಗಲ, 20 ಚೌಕ ಉದ್ದ. ತೆರೆಯ ಮೇಲೆ ಕಾಣುವುದು ಗೋಡೆಯ ಅಂಚುಗಳ ಗೆರೆಗಳು ಮಾತ್ರ. ಆಟದೊಳಗೆ ನಕ್ಷೆಯೇ ಇಲ್ಲ. ಆಡುವವರು ಗ್ರಾಫ್ ಹಾಳೆಯ ಮೇಲೆ ಹೆಜ್ಜೆ ಹೆಜ್ಜೆಗೂ ಗೆರೆ ಎಳೆಯುತ್ತ ಹೋಗಬೇಕಿತ್ತು.

ಈ ಗೆರೆಗಳನ್ನೇ ಕೆಡಿಸಲು ಅಲ್ಲಿ ಗಿರಕಿ ಹೊಡೆಸುವ ಚೌಕಗಳಿದ್ದವು. ಕಾಲಿಟ್ಟೊಡನೆ ತಂಡ ಸದ್ದಿಲ್ಲದೆ ಬೇರೆ ದಿಕ್ಕಿಗೆ ತಿರುಗಿಬಿಡುತ್ತದೆ. ಹಾಳೆಯ ಮೇಲೆ ಉತ್ತರಕ್ಕೆ ದಾರಿ ಬರೆಯುತ್ತಿದ್ದವರು ನಿಜದಲ್ಲಿ ಪೂರ್ವಕ್ಕೆ ನಡೆದಿರುತ್ತಾರೆ. ಮುಂದೆ ಎಲ್ಲೋ ಎರಡು ಓಣಿಗಳು ಒಂದರ ಮೇಲೊಂದು ಬಂದಾಗಲೇ ಎಡವಟ್ಟು ಗೊತ್ತಾಗುವುದು. ಆಗ ‘ಡುಮಾಪಿಕ್’ ಮಂತ್ರ ಪ್ರಯೋಗಿಸಿದರೆ ತಂಡ ಎಲ್ಲಿದೆ, ಯಾವ ಕಡೆ ಮುಖಮಾಡಿದೆ ಎಂಬುದು ತಿಳಿಯುತ್ತದೆ. ಆದರೆ ಶತ್ರುಗಳನ್ನು ನಿದ್ದೆಗೆಡಹುವ ‘ಕಟೀನೊ’, ಬೆಂಕಿಯುಗುಳುವ ‘ಹಲೀಟೊ’ ಮಂತ್ರಗಳಿಗೆ ಇರುವ ಮಿತಿಯಲ್ಲೇ ಇದೂ ಸೇರಿದೆ. ಎಲ್ಲಿದ್ದೇವೆಂದು ತಿಳಿಯಲು ಒಮ್ಮೆ ವ್ಯಯಿಸಿದರೆ ಮುಂದಿನ ಕಾಳಗಕ್ಕೆ ಒಂದು ಆಯುಧ ಕಡಿಮೆ.

ಸಾವಿನ ವಿಷಯದಲ್ಲೂ ಆಟ ನಿರ್ದಯಿ. ಇಡೀ ತಂಡ ಸತ್ತರೆ ಅದು ಡಿಸ್ಕಿನಲ್ಲಿ ದಾಖಲಾಗುತ್ತದೆ. ಶವಗಳು ಅಲ್ಲೇ ಬಿದ್ದಿರುತ್ತವೆ. ಹೊಸ ತಂಡ ಕಟ್ಟಿ, ಬೆಳೆಸಿ, ಅದೇ ಜಾಗಕ್ಕೆ ಕಳಿಸಿ ಹೊತ್ತು ತರಬೇಕು. ದೇವಾಲಯಕ್ಕೆ ಕಾಣಿಕೆ ಕೊಟ್ಟು ಜೀವ ಬರಿಸಲು ಹೋದರೂ ಯತ್ನ ವಿಫಲವಾಗಬಹುದು. ಆಗ ಶವ ಬೂದಿಯಾಗುತ್ತದೆ. ಬೂದಿಯ ಮೇಲಿನ ಯತ್ನವೂ ಕೈಕೊಟ್ಟರೆ ಪಾತ್ರ ಶಾಶ್ವತವಾಗಿ ಹೋಯಿತು. 1987ರ ನಾಲ್ಕನೆಯ ಭಾಗದಲ್ಲಿ ಆಟಗಾರರೇ ವರ್ಡ್ನಾ ಆಗಿ ತಳದಿಂದ ಮೇಲಕ್ಕೆ ಹತ್ತಬೇಕು. ಅತ್ಯಂತ ಕಠಿಣ ಆರ್‌ಪಿಜಿಗಳ ಮಾತು ಬಂದಾಗೆಲ್ಲ ಅದರ ಹೆಸರು ಬರುತ್ತದೆ.

ಡ್ರ್ಯಾಗನ್ ಕ್ವೆಸ್ಟ್ 2: ‘ವಿಝರ್ಡ್ರಿ’ಯನ್ನು ಮೆಚ್ಚಿದ್ದ, ಈ ಸರಣಿಯ ವಿನ್ಯಾಸಕಾರ ಯೂಜಿ ಹೊರಿಯಿ, ಅದರ ಸ್ವಾರಸ್ಯವನ್ನು ಜಪಾನಿನ ಮನೆಮನೆಯ ಫ್ಯಾಮಿಕಾಮ್ ಯಂತ್ರಕ್ಕೆ ಒಗ್ಗುವಂತೆ ಸರಳಗೊಳಿಸಿದರು. ಅವರ ಆಟದಲ್ಲಿ ತಂಡ ಸತ್ತರೆ ಅರ್ಧ ಹಣ ಹೋಗುತ್ತದೆ; ಗಳಿಸಿದ ಅನುಭವಾಂಕ ಉಳಿಯುತ್ತದೆ. ಅಂದರೆ ಸೋತವರೂ ಮೊದಲಿಗಿಂತ ಕೊಂಚ ಬಲಶಾಲಿಗಳೇ. ಆದರೆ ಎರಡನೆಯ ಭಾಗದ ಕೊನೆಯಲ್ಲಿ ಬರುವ ರೊಂಡಾರ್ಕಿಯಾ ಗುಹೆ ಈ ಮೃದುತ್ವಕ್ಕೆ ಅಪವಾದ. ನೆಲದಲ್ಲಿ ಕಾಣದ ಗುಂಡಿಗಳು, ಎಷ್ಟು ನಡೆದರೂ ಹೊರಟಲ್ಲಿಗೇ ತರುವ ಓಣಿಗಳು, ನಡುನಡುವೆ ಬಲಿಷ್ಠ ರಾಕ್ಷಸರು. ಇವನ್ನೆಲ್ಲ ದಾಟಿ ಹೊರಬಂದರೆ ಹಿಮಾವೃತ ಬಯಲು. ಅಲ್ಲಿನ ಶತ್ರುಗಳು ಒಂದೇ ಮಂತ್ರದಿಂದ ಇಡೀ ತಂಡವನ್ನು ಕೊಲ್ಲಬಲ್ಲರು. ವಿಶ್ರಾಂತಿಯ ಗುಡಿ ಸಿಗುವುದು ಇನ್ನೂ ಮುಂದೆ.

ಜಪಾನಿನ ಮೂಲ ಆವೃತ್ತಿಯಲ್ಲಿ ಸೇವ್ ವ್ಯವಸ್ಥೆಯಿರಲಿಲ್ಲ. ಆಟ ನೀಡುವ, 52 ಅಕ್ಷರಗಳವರೆಗೂ ಬೆಳೆಯಬಲ್ಲ ಗುಪ್ತಪದವನ್ನು ಕಾಗದದ ಮೇಲೆ ಬರೆದುಕೊಂಡು, ಮುಂದಿನ ಸಲ ಹಾಗೆಯೇ ತುಂಬಬೇಕಿತ್ತು. ಹೋಲುವ ಅಕ್ಷರವೊಂದನ್ನು ತಪ್ಪಾಗಿ ಬರೆದುಕೊಂಡರೆ ಇಷ್ಟು ದಿನದ ಗಳಿಕೆಯೆಲ್ಲ ಮಣ್ಣುಪಾಲು. 1990ರ ಅಮೆರಿಕನ್ ಆವೃತ್ತಿಯಲ್ಲಿ ಬ್ಯಾಟರಿಯ ನೆರವಿನಿಂದ ಸೇವ್ ಮಾಡುವ ಅನುಕೂಲ ಬಂತು.

ಫ್ಯಾಂಟಸಿ ಸ್ಟಾರ್ 2: ಸೆಗಾ ಸಂಸ್ಥೆಯ ಈ ಆಟದ ಡಂಜನ್‌ಗಳಲ್ಲಿ ಹಲವು ಅಂತಸ್ತುಗಳನ್ನು ಜೋಡಿಸುವ ಏರು-ಇಳಿತಗಳೂ ಗುಂಡಿಗಳೂ ಲೆಕ್ಕವಿಲ್ಲದಷ್ಟಿವೆ. ಸಾಲದ್ದಕ್ಕೆ ಕೆಲವೆಡೆ ಕೊಳವೆಗಳ ಚಿತ್ರ ಮುನ್ನೆಲೆಯಲ್ಲಿ ಬಂದು ದಾರಿಯನ್ನೇ ಮರೆಮಾಡುತ್ತದೆ. ಅಮೆರಿಕದಲ್ಲಿ ಆಟದ ಪೆಟ್ಟಿಗೆಯೊಳಗೇ ನಕ್ಷೆಗಳಿರುವ ಕೈಪಿಡಿಯನ್ನು ಇಟ್ಟು ಮಾರಿದ್ದು, ಈ ಡಂಜನ್‌ಗಳು ಎಷ್ಟು ಜಟಿಲವೆಂಬುದನ್ನು ಸಂಸ್ಥೆಯೇ ಬಲ್ಲದೆಂಬುದಕ್ಕೆ ಸಾಕ್ಷಿ.

ಫೈನಲ್ ಫ್ಯಾಂಟಸಿ 3: ಇದರ ಕೊನೆಯಲ್ಲಿ ಸ್ಫಟಿಕ ಗೋಪುರವನ್ನು ಹತ್ತಿ, ಅಲ್ಲಿಂದ ಕತ್ತಲ ಲೋಕ ಹೊಕ್ಕು, ಸಾಲಾಗಿ ಹಲವು ಬಾಸ್‌ಗಳನ್ನು, ಅಂದರೆ ಬಲಾಢ್ಯ ಮುಖ್ಯ ಶತ್ರುಗಳನ್ನು, ಸೋಲಿಸಿ ಕೊನೆಯ ಶತ್ರುವನ್ನು ಎದುರಿಸಬೇಕು. ನಡುವೆ ಎಲ್ಲೂ ಸೇವ್ ಮಾಡುವಂತಿಲ್ಲ. ಕೊನೆಯ ಕಾಳಗದಲ್ಲಿ ಸೋತರೆ ಗೋಪುರವನ್ನು ಮತ್ತೆ ಬುಡದಿಂದ ಹತ್ತಬೇಕು. 2006ರ ನಿಂಟೆಂಡೊ ಡಿಎಸ್ ಮರುರೂಪದಲ್ಲೂ ಈ ಕಟ್ಟಳೆ ಉಳಿಯಿತು. 2021ರ ಪಿಕ್ಸೆಲ್ ರೀಮಾಸ್ಟರ್ ಆವೃತ್ತಿ ಅದನ್ನು ಸಡಿಲಿಸಿತು.

ಹತಾಶೆ ಮತ್ತು ಆನಂದ

ಡೆನ್ಮಾರ್ಕ್‌ನ ಆಟ-ಅಧ್ಯಯನಕಾರ ಯೆಸ್ಪರ್ ಯೂಲ್ 2013ರ ‘ದಿ ಆರ್ಟ್ ಆಫ್ ಫೇಲ್ಯೂರ್’ ಪುಸ್ತಕದಲ್ಲಿ ಒಂದು ವಿರೋಧಾಭಾಸವನ್ನು ಚರ್ಚಿಸುತ್ತಾರೆ: ಜನ ಸಾಮಾನ್ಯವಾಗಿ ಸೋಲನ್ನು ತಪ್ಪಿಸಿಕೊಳ್ಳುತ್ತಾರೆ; ಆದರೂ ಸೋಲು ಖಚಿತವಿರುವ ಆಟಗಳನ್ನು ತಾವಾಗಿಯೇ ಹುಡುಕಿಕೊಂಡು ಹೋಗುತ್ತಾರೆ. ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯ್ 1970ರ ದಶಕದಿಂದ ಬೆಳೆಸಿದ ‘ಫ್ಲೋ’ ಸಿದ್ಧಾಂತದ ಪ್ರಕಾರ ಸವಾಲು ಕೌಶಲವನ್ನು ಮೀರಿದರೆ ಆತಂಕ, ಅದಕ್ಕಿಂತ ಕಡಿಮೆಯಾದರೆ ಬೇಸರ. ಎರಡೂ ಸರಿದೂಗಿದಾಗ ತನ್ಮಯತೆ.

ಹಳೆಯ ಡಂಜನ್‌ಗಳಿಗೆ ಅನ್ವಯಿಸುವಾಗ ಕೌಶಲವೆಂದರೆ ಬಹುಪಾಲು ತಿಳಿವಳಿಕೆಯೇ. ‘ವಿಝರ್ಡ್ರಿ’ಯ ಗಿರಕಿ ಚೌಕ ಒಮ್ಮೆ ಮೋಸಮಾಡುತ್ತದೆ, ಹಾಳೆಯ ಮೇಲೆ ಗುರುತು ಬಿದ್ದ ಮೇಲೆ ಅದು ಬರೀ ಇನ್ನೊಂದು ಚೌಕ. ರೊಂಡಾರ್ಕಿಯಾದ ಗುಂಡಿಗಳೂ ಹಾಗೆಯೇ: ಯಾವ ಗುಂಡಿಗಳು ಎಲ್ಲಿವೆ ಎಂದು ಬಿದ್ದು ಬಿದ್ದೇ ಕಲಿತವರು ಅದೇ ಗುಹೆಯನ್ನು ಸಲೀಸಾಗಿ ದಾಟುತ್ತಾರೆ. ಪಾತ್ರದ ಬಲ ಬೆಳೆಯುವುದು ಅಂಕಿಗಳಲ್ಲಿ ಕಾಣುತ್ತದೆ. ತಾವೇ ಬೆಳೆದದ್ದು ನಕ್ಷೆಯಲ್ಲಿ ಕಾಣುತ್ತದೆ. ಆನಂದದ ದೊಡ್ಡ ಪಾಲು ಈ ಎರಡನೆಯದರಿಂದ ಬರುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಕಲಿಯಲು ಏನೂ ಇಲ್ಲದ ಕಷ್ಟ ಬರೀ ರೇಜಿಗೆ. ತಪ್ಪಾಗಿ ನಕಲಾದ ಗುಪ್ತಪದ, ದಾರಿ ಗೊತ್ತಿದ್ದೂ ಎರಡು ಹೆಜ್ಜೆಗೊಮ್ಮೆ ತಡೆಯುವ ಕಾಳಗ, ಆಗಲೇ ಗೆದ್ದ ಬಾಸ್‌ಗಳನ್ನು ಮತ್ತೆ ಗೆಲ್ಲಬೇಕಾದ ಒತ್ತಾಯ ಈ ಬಗೆಯವು. ಆರ್‌ಪಿಜಿಯ ನೆರೆಯ ಪ್ರಕಾರದಲ್ಲೂ ಇದಕ್ಕೆ ನಿದರ್ಶನವಿದೆ. 1998ರ ‘ಝೆಲ್ಡಾ: ಆಕರೀನಾ ಆಫ್ ಟೈಮ್’ ಆಟದ ಜಲದೇಗುಲದಲ್ಲಿ ಕಬ್ಬಿಣದ ಬೂಟು ತೊಡಲು, ಕಳಚಲು ಪ್ರತಿಸಲವೂ ಆಟ ನಿಲ್ಲಿಸಿ ಮೆನು ತೆರೆಯಬೇಕಿತ್ತು. 2011ರ ಮರುರೂಪದಲ್ಲಿ ದೇಗುಲದ ಒಗಟುಗಳು ಹಾಗೆಯೇ ಉಳಿದವು. ಬೂಟನ್ನು ಮಾತ್ರ ಬಟನ್ ಒತ್ತಿ ತೊಡುವಂತಾಯಿತು, ನೀರಿನ ಮಟ್ಟ ಬದಲಿಸುವ ಕೋಣೆಗಳ ದಾರಿಗೆ ಬಣ್ಣದ ಪಟ್ಟಿ ಬಂತು. ದೂರುಗಳ ಬಹುಪಾಲು ಅಷ್ಟಕ್ಕೇ ತಣ್ಣಗಾಯಿತು.

ಹಂಚಿಕೊಂಡ ಜ್ಞಾನ

ಕಠಿಣ ಡಂಜನ್‌ಗಳು ಒಬ್ಬರೇ ಆಡುವ ಆಟಗಳಲ್ಲಿದ್ದರೂ ಅವನ್ನು ಭೇದಿಸುವುದು ಹಲವರ ಕೆಲಸವಾಗಿತ್ತು. ನಾಮ್ಕೊ ಸಂಸ್ಥೆಯ ‘ಟವರ್ ಆಫ್ ಡ್ರುವಾಗಾ’ (1984) ಆಟದ 60 ಅಂತಸ್ತುಗಳಲ್ಲಿ ಗುಪ್ತ ಸಂಪತ್ತು ಹೊರಬರುವ ವಿಧಾನದ ಬಗ್ಗೆ ಸುಳಿವೇ ಇರಲಿಲ್ಲ. ಜಪಾನಿನ ಗೇಮ್ ಸೆಂಟರ್‌ಗಳಲ್ಲಿ ಇಟ್ಟಿರುತ್ತಿದ್ದ ನೋಟ್‌ಬುಕ್ಕುಗಳಲ್ಲಿ ಒಬ್ಬೊಬ್ಬರೂ ತಾವು ಕಂಡುಕೊಂಡದ್ದನ್ನು ಬರೆದು ಹೋಗುತ್ತಿದ್ದರು. ಅಮೆರಿಕದಲ್ಲಿ ನಿಂಟೆಂಡೊ ಸಂಸ್ಥೆ ದೂರವಾಣಿಯಲ್ಲಿ ಸಲಹೆ ನೀಡುವ ಸಿಬ್ಬಂದಿಯನ್ನೇ ನೇಮಿಸಿತ್ತು. ನಿಯತಕಾಲಿಕಗಳು ನಕ್ಷೆಗಳನ್ನು ಅಚ್ಚುಹಾಕುತ್ತಿದ್ದವು.

ನಂತರದ ಬೆಳವಣಿಗೆ

1990ರ ದಶಕದಲ್ಲಿ ಡಂಜನ್‌ನೊಳಗಿನ ಸೇವ್ ಪಾಯಿಂಟ್, ತಾನೇ ಬಿಡಿಸಿಕೊಳ್ಳುವ ನಕ್ಷೆ, ಕಣ್ಣಿಗೆ ಕಾಣುವಂತೆ ಓಡಾಡುವ ಶತ್ರುಗಳು ಬಳಕೆಗೆ ಬಂದು ಹಳೆಯ ಕಾಠಿಣ್ಯ ಹಿನ್ನೆಲೆಗೆ ಸರಿಯಿತು. ಪೂರ್ತಿ ಮರೆಯಾಗಲಿಲ್ಲ. ಅಟ್ಲಸ್ ಸಂಸ್ಥೆಯ ‘ಎಟ್ರಿಯನ್ ಒಡಿಸಿ’ (2007) ಡಿಎಸ್ ಯಂತ್ರದ ಕೆಳಗಿನ ತೆರೆಯನ್ನೇ ಗ್ರಾಫ್ ಹಾಳೆಯಾಗಿಸಿ, ಕಡ್ಡಿಯಿಂದ ನಕ್ಷೆ ಬರೆಯುವುದನ್ನು ಆಟದ ಭಾಗವಾಗಿ ಮಾಡಿತು. ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ‘ಡೀಮನ್ಸ್ ಸೋಲ್ಸ್’ (2009) ಮತ್ತು ‘ಡಾರ್ಕ್ ಸೋಲ್ಸ್’ (2011) ಆಟಗಳಲ್ಲಿ ಸತ್ತ ಜಾಗಕ್ಕೆ ಮರಳಿ ತಲುಪಿದರೆ ಕಳೆದುಕೊಂಡದ್ದು ಸಿಗುತ್ತದೆ, ದಾರಿಯಲ್ಲಿ ಮತ್ತೆ ಸತ್ತರೆ ಇಲ್ಲ. ನೆಲದ ಮೇಲೆ ಇತರ ಆಟಗಾರರು ಬರೆದಿಟ್ಟ ಎಚ್ಚರಿಕೆಗಳೂ ಕಾಣುತ್ತವೆ.

ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ 2024ರಲ್ಲಿ ‘ವಿಝರ್ಡ್ರಿ’ಯ ಮೊದಲ ಭಾಗವನ್ನು ಹೊಸ ರೂಪದಲ್ಲಿ ಪ್ರಕಟಿಸಿತು. ಅದರಲ್ಲಿ ನಕ್ಷೆ ತಾನಾಗಿಯೇ ಮೂಡುತ್ತದೆ; ಹಳೆಯ ಕಟ್ಟುನಿಟ್ಟು ಬೇಕೆನ್ನುವವರು ಮೂಲ ನಿಯಮಗಳನ್ನು ಆರಿಸಿಕೊಳ್ಳಬಹುದು. ಒಂದು ಕಾಲಕ್ಕೆ ಎಲ್ಲರೂ ಪಡಲೇಬೇಕಾಗಿದ್ದ ಪಾಡು ಹೀಗೆ ಬೇಕಾದವರು ಆರಿಸಿಕೊಳ್ಳುವ ಆಯ್ಕೆಯಾಗಿದೆ.